ಒಬ್ಬೊಬ್ಬರಾಗಿ ಆಡಿ ತಂಡವಾಗಿ ಗೆಲ್ಲುವ ಸ್ಕ್ವಾಷ್: ಪುರುಷರ ವಿಶ್ವ ತಂಡ ಚಾಂಪಿಯನ್‌ಶಿಪ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಬಡ್ಡಿ, ವಾಲಿಬಾಲ್, ಶಟ್ಲ್ ನಮ್ಮ ಕಾಸರಗೋಡಿಗೆ ಯಾರೂ ಹೇಳಿಕೊಡಬೇಕಾದ ಆಟಗಳಲ್ಲ. ಸ್ಕ್ವಾಷ್ ಮಾತ್ರ ಇನ್ನೂ ದೂರದ್ದು. ಆದರೂ ಪ್ರಶ್ನೆಗಳು ಬರುತ್ತಲೇ ಇರುತ್ತವೆ: ಗಲ್ಫಿನಿಂದ ರಜೆಗೆ ಬಂದವರು, ಕುಂಬಳೆ, ಬದಿಯಡ್ಕ ಕಡೆಯ ಶಟ್ಲ್ ಗೆಳೆಯರು, ಮಕ್ಕಳಿಗೆ ಹೊಸ ಆಟ ಕಲಿಸಬೇಕೆನ್ನುವ ತಂದೆ-ತಾಯಂದಿರು, ಶಾಲೆಯ ಪಿ.ಟಿ. ಮಾಷ್ಟ್ರುಗಳು ಕೇಳುತ್ತಾರೆ. ಹೆಚ್ಚು ಸಲ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ ಓದಬಹುದು.

## ಮೊದಲ ಪರಿಚಯ

ಸ್ಕ್ವಾಷ್ ಅಂದ್ರೆ ಎಂತ ಆಟ? ಸುಮ್ಮನೆ ಗೋಡೆಗೆ ಹೊಡೆಯುವುದಾ?

ಗೋಡೆಗೇ ಹೊಡೆಯುವುದು, ಆದರೆ ಸುಮ್ಮನೆ ಅಲ್ಲ. 9.75 ಮೀಟರ್ ಉದ್ದ, 6.4 ಮೀಟರ್ ಅಗಲದ ಕೋಣೆ. ಒಳಗೆ ಇಬ್ಬರು, ಇಬ್ಬರಿಗೂ ಒಂದೇ ಅಂಗಳ, ನಡುವೆ ನೆಟ್ ಇಲ್ಲ. ಹೊಡೆದ ಚೆಂಡು ಎದುರುಗೋಡೆಗೆ ತಾಗಲೇಬೇಕು. ನೇರವಾಗಿ ತಾಗಬಹುದು, ಪಕ್ಕದ ಗೋಡೆಗೋ ಹಿಂದಿನ ಗೋಡೆಗೋ ಬಡಿದು ಹೋಗಿಯೂ ತಾಗಬಹುದು. ನೆಲದಲ್ಲಿ ಎರಡನೇ ಸಲ ಪುಟಿಯುವುದರೊಳಗೆ ಎದುರಾಳಿ ಅದನ್ನು ಹೊಡೆಯಬೇಕು. ಎದುರುಗೋಡೆಯ ಬುಡದಲ್ಲಿ ತಗಡಿನ ಪಟ್ಟಿ ಇರುತ್ತದೆ. ಅದರ ಎತ್ತರ ಸಾಮಾನ್ಯವಾಗಿ 48 ಸೆಂ.ಮೀ., ವೃತ್ತಿಪರರ ಪಂದ್ಯಗಳಲ್ಲಿ 43. ಚೆಂಡು ಅದಕ್ಕೆ ಬಿದ್ದರೆ ಸದ್ದೇ ಹೇಳುತ್ತದೆ, ಅಂಕ ಹೋಯಿತೆಂದು. ಮೇಲೆ 4.57 ಮೀಟರ್ ಎತ್ತರದಲ್ಲಿ ಔಟ್ ಗೆರೆ.

ದುಬೈಯಿಂದ ಬಾಲ್ ತಂದಿದ್ದೇವೆ, ಪುಟಿಯುವುದೇ ಇಲ್ಲ. ಹಾಳಾದದ್ದಾ?

ಹಾಳಾಗಿಲ್ಲ, ತಣ್ಣಗಿದೆ ಅಷ್ಟೇ. 40 ಮಿ.ಮೀ. ಅಗಲ, 24 ಗ್ರಾಂ ತೂಕದ ಟೊಳ್ಳು ರಬ್ಬರ್ ಚೆಂಡು ಅದು. ಪೆಟ್ಟು ತಿಂದಂತೆ ರಬ್ಬರೂ ಒಳಗಿನ ಗಾಳಿಯೂ ಬಿಸಿಯಾಗಿ ಪುಟಿತ ಹೆಚ್ಚುತ್ತದೆ. ಪಂದ್ಯದ ಮೊದಲು ಆಟಗಾರರಿಬ್ಬರೂ ಬಲ, ಎಡ ಬದಲಿಸಿಕೊಂಡು ಜೋರಾಗಿ ಹೊಡೆಯುವುದು ಮೈಯನ್ನೂ ಚೆಂಡನ್ನೂ ಒಟ್ಟಿಗೇ ಕಾಯಿಸಲಿಕ್ಕೆ. ನೀವು ತಂದದ್ದರಲ್ಲಿ ಎರಡು ಹಳದಿ ಚುಕ್ಕೆ ಇದೆಯೇ ನೋಡಿ. ಅದು ಪಂದ್ಯದ ಚೆಂಡು, ಎಲ್ಲಕ್ಕಿಂತ ಕಡಿಮೆ ಪುಟಿಯುವಂಥದು. ಕಲಿಯುವವರು ಅದರಲ್ಲಿ ಶುರುಮಾಡಿದರೆ ಬೇಸರ ಬಂದು ಬಿಟ್ಟುಬಿಡುತ್ತಾರೆ. ಒಂದು ಹಳದಿ ಚುಕ್ಕೆಯದು ಸ್ವಲ್ಪ ಹೆಚ್ಚು ಪುಟಿಯುತ್ತದೆ, ನೀಲಿ ಚುಕ್ಕೆಯದು ಇನ್ನೂ ಹೆಚ್ಚು. ಮಕ್ಕಳಿಗೆ ನೀಲಿಯೇ ಸರಿ.

ಟೀಮ್ ಟೂರ್ನಮೆಂಟ್ ಅಂತೀರಿ, ಕೋರ್ಟಿನೊಳಗೆ ಇಬ್ಬರೇ ಇರ್ತಾರೆ. ಟೀಮ್ ಎಲ್ಲಿ ಉಂಟು?

ಶಟ್ಲ್‌ನ ಥಾಮಸ್ ಕಪ್ ನೋಡಿದವರಿಗೆ ಬೇಗ ತಿಳಿಯುತ್ತದೆ. ಅಲ್ಲಿ ಒಂದು ಮುಖಾಮುಖಿಯಲ್ಲಿ ಐದು ಪಂದ್ಯ, ಸಿಂಗಲ್ಸ್ ಮತ್ತು ಡಬಲ್ಸ್ ಎರಡೂ. ಸ್ಕ್ವಾಷ್‌ನಲ್ಲಿ ಮೂರೇ ಪಂದ್ಯ, ಮೂರೂ ಸಿಂಗಲ್ಸ್. ದೇಶಕ್ಕೆ ನಾಲ್ವರ ತಂಡ, ಪ್ರತಿ ಮುಖಾಮುಖಿಯಲ್ಲಿ ಅವರಲ್ಲಿ ಮೂವರು ಆಡುತ್ತಾರೆ. ಎರಡು ಪಂದ್ಯ ಗೆದ್ದ ದೇಶ ಗೆದ್ದಂತೆ.

ಹಾಗಾಗಿ ಪ್ರಪಂಚದ ಅತ್ಯುತ್ತಮ ಆಟಗಾರ ನಿಮ್ಮಲ್ಲಿದ್ದರೂ ಅವನ ಕೈಯಲ್ಲಿರುವುದು ಒಂದೇ ಪಂದ್ಯ. ಇನ್ನೊಂದನ್ನು ಬೇರೆಯವನೇ ಗೆದ್ದುಕೊಡಬೇಕು. ನನಗೆ ಈ ಟೂರ್ನಮೆಂಟಿನ ಮೇಲೆ ಪ್ರೀತಿ ಹುಟ್ಟಿದ್ದೇ ಇದರಿಂದ. ವರ್ಷವಿಡೀ ಹೆಸರು ಕೇಳದ, ರ್‍ಯಾಂಕಿಂಗಿನಲ್ಲಿ ಕೆಳಗೆಲ್ಲೋ ಇರುವ ಮೂರನೆಯವ ಇಲ್ಲಿ ಇಡೀ ದೇಶದ ಫಲಿತಾಂಶವನ್ನು ಹೊತ್ತು ಒಳಗೆ ಹೋಗುತ್ತಾನೆ.

ಗೇಮ್ ಎಷ್ಟು ಪಾಯಿಂಟಿಗೆ?

ಹನ್ನೊಂದಕ್ಕೆ, ಐದರಲ್ಲಿ ಮೂರು ಗೇಮ್. 10-10 ಆದರೆ ಎರಡು ಅಂಕದ ಅಂತರ ಬರುವವರೆಗೆ ಆಟ. ಸರ್ವ್ ಯಾರದೇ ಇರಲಿ, ರ್‍ಯಾಲಿ ಗೆದ್ದವನಿಗೆ ಅಂಕ. ಹಿಂದೆ ಒಂಬತ್ತು ಅಂಕದ ಗೇಮ್ ಇತ್ತು, ಸರ್ವ್ ಮಾಡಿದವನಿಗೆ ಮಾತ್ರ ಅಂಕ ಸಿಗುತ್ತಿತ್ತು. ಹಳೆಯ ಫಲಿತಾಂಶಗಳಲ್ಲಿ 9-7, 10-8 ಎಂದೆಲ್ಲ ಕಾಣುವುದು ಅದಕ್ಕೇ.

## ಗೆದ್ದವರು, ಸೋತವರು

ಈ ವಿಶ್ವ ತಂಡ ಚಾಂಪಿಯನ್‌ಶಿಪ್ ಯಾವಾಗ ಶುರುವಾದದ್ದು? ಹೆಚ್ಚು ಗೆದ್ದವರು ಯಾರು?

1967ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾಯಿತು. ಮೊದಲ ನಾಲ್ಕು ಸಲವೂ ಆಸ್ಟ್ರೇಲಿಯಾವೇ ಗೆದ್ದಿತು. ಆಮೇಲೆ 1989, 1991, 2001, 2003 ಸೇರಿಸಿದರೆ ಅವರದು ಎಂಟು. ಪಾಕಿಸ್ತಾನ ಆರು ಸಲ, 1977ರಿಂದ 1993ರ ನಡುವೆ. 1976 ಮತ್ತು 1979ರಲ್ಲಿ ಗ್ರೇಟ್ ಬ್ರಿಟನ್ ಎಂಬ ಹೆಸರಿನಲ್ಲಿ ಗೆದ್ದ ತಂಡ ಮುಂದೆ ಬೇರೆ ಬೇರೆಯಾಯಿತು. ಇಂಗ್ಲೆಂಡ್ ತನ್ನದೇ ಹೆಸರಿನಲ್ಲಿ 1995, 1997, 2005, 2007, 2013ರಲ್ಲಿ ಗೆದ್ದಿದೆ. ಈಜಿಪ್ಟ್ 1999ರಲ್ಲಿ ಮೊದಲ ಸಲ ಗೆದ್ದು, 2024ರ ಹಾಂಗ್‌ಕಾಂಗ್ ಗೆಲುವಿನೊಂದಿಗೆ ಏಳಕ್ಕೆ ಬಂದಿದೆ.

2007ರ ಟೂರ್ನಮೆಂಟ್ ನಡೆದದ್ದು ನಮ್ಮ ಚೆನ್ನೈಯಲ್ಲಿ. ಅಲ್ಲಿ ಇಂಗ್ಲೆಂಡ್ ಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿತು.

ಪಾಕಿಸ್ತಾನದ ಖಾನ್‌ಗಳು ಅಷ್ಟು ದೊಡ್ಡವರಂತೆ. ಈಗ ಅವರ ಹೆಸರೇ ಇಲ್ಲವಲ್ಲ?

ದೊಡ್ಡವರೇ, ಅದರಲ್ಲಿ ಎರಡು ಮಾತಿಲ್ಲ. ಪೇಶಾವರದ ಹತ್ತಿರದ ನವಾಕಿಲ್ಲಿ ಎಂಬ ಒಂದು ಹಳ್ಳಿಯಿಂದಲೇ ಪರಂಪರೆ ಬೆಳೆಯಿತು. ಹಾಶಿಂ ಖಾನ್ 1951ರಲ್ಲಿ ಬ್ರಿಟಿಷ್ ಓಪನ್ ಗೆದ್ದರು. ಜಹಾಂಗೀರ್ ಖಾನ್ 1981ರಿಂದ 1986ರವರೆಗೆ ಸೋಲಲೇ ಇಲ್ಲ. ಆ ಸರಣಿ 555 ಪಂದ್ಯಗಳದ್ದೆಂದು ಹೇಳುತ್ತಾರೆ, ಕೊನೆಗೆ ನ್ಯೂಜಿಲೆಂಡಿನ ರಾಸ್ ನಾರ್ಮನ್ ಅದನ್ನು ಮುರಿದರು. ಜಹಾಂಗೀರರ ಬೆನ್ನಿಗೇ ಜಾನ್‌ಶೇರ್ ಖಾನ್ ಬಂದರು. ಒಂದೇ ದೇಶಕ್ಕೆ ಇಂಥವರು ಒಬ್ಬರ ಹಿಂದೆ ಒಬ್ಬರು ಸಿಕ್ಕಾಗ ತಂಡದ ಕಪ್ಪೂ ಅಲ್ಲೇ ನಿಂತಿತು.

ಆದರೆ 1993ರ ಕರಾಚಿ ಗೆಲುವಿನ ನಂತರ ಪಾಕಿಸ್ತಾನಕ್ಕೆ ಅದು ಸಿಕ್ಕಿಲ್ಲ. ಜಾನ್‌ಶೇರ್ ಆಮೇಲೂ ಕೆಲವು ವರ್ಷ ವಿಶ್ವ ಚಾಂಪಿಯನ್ನರೇ ಆಗಿದ್ದರು, ಗಮನಿಸಿ. ಮೇಲೆ ಒಬ್ಬ ಚಾಂಪಿಯನ್, ಕೆಳಗೆ ಅವನ ಅರ್ಧದಷ್ಟೂ ಬಲವಿಲ್ಲದ ಇಬ್ಬರು ಇದ್ದರೆ ಮೂರು ಪಂದ್ಯಗಳ ಲೆಕ್ಕ ಕೈಗೂಡುವುದಿಲ್ಲ.

ಮತ್ತೆ ಈಜಿಪ್ಟ್ ಎಂತಕೆ ಯಾವಾಗಲೂ ಗೆಲ್ಲುವುದು?

ಅವರ ಮೂರನೆಯವ ಬೇರೆ ದೇಶಗಳ ಒಂದನೆಯವನಷ್ಟು ಗಟ್ಟಿ. 2009ರಲ್ಲಿ ಗೆದ್ದ ತಂಡದಲ್ಲಿ ಅಮ್ರ್ ಶಬಾನಾ, ಕರೀಮ್ ದರ್ವೀಷ್, ರಾಮಿ ಆಶೂರ್ ಇದ್ದರು. ಮೂವರೂ ಒಂದಲ್ಲ ಒಂದು ಕಾಲದಲ್ಲಿ ವಿಶ್ವದ ನಂಬರ್ ಒನ್ ಆದವರು. ಅಂಥ ತಂಡದ ಎದುರು ಯಾರನ್ನು ಯಾರ ಮೇಲೆ ಬಿಟ್ಟರೂ ಉಸಿರಾಡಲು ಜಾಗ ಸಿಗುವುದಿಲ್ಲ.

ಹಿಂದಿನ ಕಾರಣ ಕೈರೋ ಮತ್ತು ಅಲೆಕ್ಸಾಂಡ್ರಿಯಾದ ಕ್ಲಬ್‌ಗಳಲ್ಲಿದೆ. ಎರಡೇ ನಗರಗಳಲ್ಲಿ ದೇಶದ ಬಹುಪಾಲು ಒಳ್ಳೆಯ ಆಟಗಾರರು, ತರಬೇತುದಾರರು, ಕೋರ್ಟ್‌ಗಳು ಸೇರಿಕೊಂಡಿವೆ. ಹತ್ತು ವರ್ಷದ ಹುಡುಗ ಅಭ್ಯಾಸ ಮುಗಿಸಿ ಹೊರಬಂದರೆ ಪಕ್ಕದ ಕೋರ್ಟಿನಲ್ಲಿ ವಿಶ್ವ ಚಾಂಪಿಯನ್ ಆಡುತ್ತಿರುತ್ತಾನೆ. ಜೊತೆಗೆ ಅವರ ಆಟದ ರೀತಿಯೇ ಬೇರೆ. ಇಂಗ್ಲೆಂಡ್, ಆಸ್ಟ್ರೇಲಿಯಾದ ಹಳೆಯ ಪದ್ಧತಿ ಚೆಂಡನ್ನು ಹಿಂದಿನ ಮೂಲೆಗೆ ಉದ್ದಕ್ಕೆ ಕಳಿಸಿ ಕಳಿಸಿ ಎದುರಾಳಿಯನ್ನು ದಣಿಸುತ್ತಿತ್ತು. ಈಜಿಪ್ಟಿನವರು ಸ್ವಲ್ಪ ಸಡಿಲ ಚೆಂಡು ಸಿಕ್ಕಿದರೂ ಗಾಳಿಯಲ್ಲೇ ಹಿಡಿದು ಮುಂದಿನ ಮೂಲೆಗೆ ಇಳಿಸುತ್ತಾರೆ.

2015, 2021ರಲ್ಲಿ ಯಾರು ಗೆದ್ದದ್ದು? ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಆ ಎರಡು ವರ್ಷ ಟೂರ್ನಮೆಂಟೇ ನಡೆಯಲಿಲ್ಲ. 2015ರದು ಕೈರೋದಲ್ಲಿ ಆಗಬೇಕಿತ್ತು, ಭದ್ರತೆಯ ಆತಂಕದಿಂದ ಕೈಬಿಟ್ಟರು. 2021ರದು ಮಲೇಷ್ಯಾದಲ್ಲಿ. ಇಸ್ರೇಲ್ ತಂಡಕ್ಕೆ ವೀಸಾ ಸಿಗುವ ಖಾತರಿ ಬರಲಿಲ್ಲ, ಕೋವಿಡ್ ಪ್ರಯಾಣದ ತೊಡಕೂ ಇತ್ತು, ರದ್ದಾಯಿತು. ಮುಂದಿನದು 2023ರಲ್ಲಿ ನ್ಯೂಜಿಲೆಂಡಿನ ಟೌರಂಗದಲ್ಲಿ ನಡೆಯಿತು.

## ನಮ್ಮ ದೇಶದ ತಂಡ

2025ರಲ್ಲಿ ಭಾರತ ವಿಶ್ವಕಪ್ ಗೆದ್ದಿತಲ್ಲ, ಅದು ಇದೇ ಕಪ್ಪಾ?

ಅದು ಬೇರೆ. ಚೆನ್ನೈಯಲ್ಲಿ 2025ರ ಡಿಸೆಂಬರಿನಲ್ಲಿ ಭಾರತ ಗೆದ್ದದ್ದು ಮಿಶ್ರ ತಂಡಗಳ ವಿಶ್ವಕಪ್, ಇಬ್ಬರು ಪುರುಷರು, ಇಬ್ಬರು ಮಹಿಳೆಯರು ಆಡುವಂಥದು. ಅಲ್ಲಿ ಗೇಮ್ ಏಳು ಅಂಕಕ್ಕೇ ಮುಗಿಯುತ್ತದೆ. ಸೆಮಿಫೈನಲ್‌ನಲ್ಲಿ ಈಜಿಪ್ಟನ್ನೂ ಫೈನಲ್‌ನಲ್ಲಿ ಹಾಂಗ್‌ಕಾಂಗನ್ನೂ 3-0ರಿಂದ ಸೋಲಿಸಿದರು. ಕೊಡವ ಮನೆತನದ ಜೋಶ್ನಾ ಚಿಣ್ಣಪ್ಪ, ಅನಾಹತ್ ಸಿಂಗ್, ಅಭಯ್ ಸಿಂಗ್, ವೇಲವನ್ ಸೆಂಥಿಲ್‌ಕುಮಾರ್ ಆ ತಂಡದಲ್ಲಿದ್ದರು. ಬಹಳ ದೊಡ್ಡ ಗೆಲುವು, ನಮ್ಮ ಪತ್ರಿಕೆಗಳು ಇನ್ನಷ್ಟು ಜಾಗ ಕೊಡಬೇಕಿತ್ತು.

ಪುರುಷರ ವಿಶ್ವ ತಂಡ ಚಾಂಪಿಯನ್‌ಶಿಪ್ಪನ್ನು ಮಾತ್ರ ಭಾರತ ಇನ್ನೂ ಗೆದ್ದಿಲ್ಲ.

ಏಷ್ಯನ್ ಗೇಮ್ಸ್‌ನಲ್ಲಿ ಪಾಕಿಸ್ತಾನದ ಎದುರು ಗೆದ್ದ ಮ್ಯಾಚ್ ಅಷ್ಟು ಒಳ್ಳೆಯದಿತ್ತಾ?

ತಂಡದ ಸ್ಕ್ವಾಷ್ ಅಂದರೇನು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಅದನ್ನೇ. 2023ರ ಸೆಪ್ಟೆಂಬರ್ 30, ಹಾಂಗ್‌ಝೌ. ಗುಂಪಿನ ಹಂತದಲ್ಲಿ ಇದೇ ಪಾಕಿಸ್ತಾನ ಭಾರತವನ್ನು 2-1ರಿಂದ ಸೋಲಿಸಿತ್ತು. ಫೈನಲ್‌ನ ಮೊದಲ ಪಂದ್ಯದಲ್ಲಿ ಮಹೇಶ್ ಮಂಗಾವ್‌ಕರ್ ನಾಸಿರ್ ಇಕ್ಬಾಲ್‌ಗೆ ನೇರ ಮೂರು ಗೇಮ್‌ಗಳಲ್ಲಿ ಸೋತರು. ಎರಡನೆಯದಕ್ಕೆ ಇಳಿದ ಸೌರವ್ ಘೋಷಾಲ್ ಆಸಿಂ ಖಾನರಿಗೆ ಮೂರು ಗೇಮ್ ಸೇರಿಸಿ ಒಂಬತ್ತೇ ಅಂಕ ಬಿಟ್ಟುಕೊಟ್ಟರು: 11-5, 11-1, 11-3. ಈಗ 1-1.

ಉಳಿದದ್ದು ಅಭಯ್ ಸಿಂಗ್ ಮತ್ತು ನೂರ್ ಝಮಾನ್. ನೂರ್ 1975ರ ಬ್ರಿಟಿಷ್ ಓಪನ್ ಗೆದ್ದ ಕಮರ್ ಝಮಾನರ ಮೊಮ್ಮಗ. ಅಭಯ್ ಮೊದಲ ಗೇಮ್ ಗೆದ್ದು, ಮುಂದಿನ ಎರಡು ಸೋತು, ನಾಲ್ಕನೆಯದನ್ನು 11-9ಕ್ಕೆ ಎಳೆದರು. ಐದನೆಯದರಲ್ಲಿ 8-10. ಒಂದು ಅಂಕ ಹೋದರೆ ಚಿನ್ನ ಹೋಯಿತು, ಅದೂ ಎರಡು ಸಲ ಎದುರಿಸಬೇಕು. ಅಲ್ಲಿಂದ ಸತತ ನಾಲ್ಕು ಅಂಕ, 12-10. ಗೆದ್ದ ಕೂಡಲೇ ರ್‍ಯಾಕೆಟನ್ನು ಮೇಲಕ್ಕೆಸೆದರು. ಘೋಷಾಲ್ ಅಷ್ಟು ಸಲೀಸಾಗಿ ಗೆದ್ದದ್ದಕ್ಕೂ ಅಭಯ್ ಐದನೇ ಗೇಮಿನಲ್ಲಿ ಎರಡೇ ಅಂಕದಿಂದ ಗೆದ್ದದ್ದಕ್ಕೂ ತಂಡದ ಲೆಕ್ಕದಲ್ಲಿ ಬೆಲೆ ಒಂದೇ, ಒಂದೊಂದು ಪಂದ್ಯ.

2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನ ಚಿನ್ನವನ್ನೂ ನೆನಪಿಸಬೇಕು. ಘೋಷಾಲ್ ಅದೇ ಕೂಟದ ಸಿಂಗಲ್ಸ್ ಫೈನಲ್‌ನಲ್ಲಿ ಎರಡು ಗೇಮ್ ಮುಂದಿದ್ದು ಕುವೈತಿನ ಅಬ್ದುಲ್ಲಾ ಅಲ್ ಮುಝಯೆನ್‌ಗೆ ಸೋತಿದ್ದರು. ತಂಡದ ಫೈನಲ್‌ನಲ್ಲಿ ಮಲೇಷ್ಯಾದ ಎದುರು ಹರಿಂದರ್ ಪಾಲ್ ಸಂಧು ಮೊದಲು ಇಳಿದು ಅಝ್ಲಾನ್ ಇಸ್ಕಂದರ್ ಅವರನ್ನು ಸೋಲಿಸಿದರು. ಆಮೇಲೆ ಘೋಷಾಲ್ ಐದು ಗೇಮ್ ಕಾದಾಡಿ ಮುಗಿಸಿದರು. ಸಂಧು ಹೆಸರು ಈಗ ಎಷ್ಟು ಮಂದಿಗೆ ನೆನಪಿದೆ?

ಸ್ಕ್ವಾಷ್ ಅಂದರೆ ಎಲ್ಲ ಚೆನ್ನೈಯವರೇ ಯಾಕೆ?

ಎಲ್ಲರೂ ಅಲ್ಲ. ಘೋಷಾಲ್ ಕೋಲ್ಕತ್ತದವರು, ಮಂಗಾವ್‌ಕರ್ ಮುಂಬೈಯವರು. ಆದರೆ ದೇಶದ ಸ್ಕ್ವಾಷ್ ಅಕಾಡೆಮಿ ಇರುವುದು ಚೆನ್ನೈಯಲ್ಲಿ. ಒಂದೇ ಚಾವಣಿಯಡಿ ಹಲವು ಕೋರ್ಟ್‌ಗಳು, ತರಬೇತುದಾರರು, ವಸತಿಯ ಅನುಕೂಲ ಇದ್ದದ್ದರಿಂದ ಘೋಷಾಲ್ ಕೂಡ ಹುಡುಗನಾಗಿದ್ದಾಗಲೇ ಅಲ್ಲಿಗೆ ಹೋಗಿ ನೆಲೆಸಿದರು. ತಮಿಳುನಾಡು ಸರಕಾರ ವಿಶ್ವಕಪ್ಪಿಗೆ ಕೈಜೋಡಿಸಿ ಮಾಲ್ ಒಂದರೊಳಗೆ ಗಾಜಿನ ಕೋರ್ಟ್ ಕಟ್ಟಿಸಿದ್ದೂ ಫಲ ಕೊಟ್ಟಿದೆ. ಚೀಲ ಹಿಡಿದು ಸಾಮಾನು ಕೊಳ್ಳಲು ಬಂದವರು ನಿಂತು ನೋಡಿದರು.

## ಒಳಗಿನ ಸೂಕ್ಷ್ಮ

ಆಟದ ನಡುವೆ ಕೈ ಎತ್ತಿ 'ಲೆಟ್' ಕೇಳ್ತಾರೆ, ಕೆಲವೊಮ್ಮೆ ಪಾಯಿಂಟೇ ಸಿಗ್ತದೆ. ಎಂತ ನಿಯಮ ಅದು?

ಇಬ್ಬರೂ ಒಂದೇ ಜಾಗದಲ್ಲಿ ಓಡುವುದರಿಂದ ಅಡ್ಡ ಬರುವುದು ತಪ್ಪುವುದಿಲ್ಲ. ಹೊಡೆದವನು ಎದುರಾಳಿಗೆ ಚೆಂಡಿನತ್ತ ದಾರಿ ಬಿಡಬೇಕು, ರ್‍ಯಾಕೆಟ್ ಬೀಸಲು ಜಾಗ ಬಿಡಬೇಕು, ಎದುರುಗೋಡೆಯತ್ತ ಚೆಂಡು ಹೋಗಲು ಜಾಗ ಬಿಡಬೇಕು. ಬಿಡದಿದ್ದರೆ ಎದುರಾಳಿ ಆಟ ನಿಲ್ಲಿಸಿ ಕೇಳಬಹುದು.

ರೆಫರಿ ಮೂರರಲ್ಲಿ ಒಂದು ಹೇಳುತ್ತಾರೆ. ಕೇಳಿದವನು ಚೆಂಡನ್ನು ಮುಟ್ಟುತ್ತಿದ್ದ, ಅಡ್ಡಿಯೂ ಆಯಿತು, ಅಡ್ಡ ಬಂದವನು ಸರಿಯಲು ಪ್ರಯತ್ನಪಟ್ಟಿದ್ದ ಎಂದಾದರೆ 'ಲೆಟ್', ರ್‍ಯಾಲಿ ಮತ್ತೆ. ಗೆಲ್ಲುವ ಹೊಡೆತವೇ ತಪ್ಪಿತು, ಅಥವಾ ನೇರ ಎದುರುಗೋಡೆಗೆ ಹೋಗುವ ದಾರಿಯಲ್ಲೇ ಎದುರಾಳಿ ನಿಂತಿದ್ದ ಎಂದಾದರೆ 'ಸ್ಟ್ರೋಕ್', ಕೇಳಿದವನಿಗೆ ಅಂಕ. ಹೇಗೂ ಚೆಂಡು ಸಿಗುತ್ತಿರಲಿಲ್ಲ, ಅಥವಾ ಹೋಗಲು ಮನಸ್ಸೇ ಮಾಡದೆ ಕೈ ಎತ್ತಿದ ಎಂದಾದರೆ 'ನೋ ಲೆಟ್', ಅಂಕ ಹೋಯಿತು. ದೊಡ್ಡ ಪಂದ್ಯಗಳಲ್ಲಿ ವಿಡಿಯೋ ನೋಡಿಯೂ ತೀರ್ಮಾನಿಸುತ್ತಾರೆ. ಈ ಮೂರು ತಿಳಿದರೆ ಅರ್ಧ ಸ್ಕ್ವಾಷ್ ತಿಳಿಯಿತು.

ನಮ್ಮ ಗಟ್ಟಿ ಆಟಗಾರನನ್ನು ಅವರ ಮೂರನೆಯವನ ಮೇಲೆ ಬಿಟ್ಟರೆ ಆಗದಾ?

ಆಗುವುದಿಲ್ಲ, ಒಳ್ಳೆಯದೇ ಆಯಿತು. ಬಲದ ಕ್ರಮದಲ್ಲಿ ಹೆಸರುಗಳನ್ನು ಮೊದಲೇ ಕೊಡಬೇಕು. ಒಂದನೆಯವ ಒಂದನೆಯವನ ಎದುರು, ಎರಡನೆಯವ ಎರಡನೆಯವನ ಎದುರು, ಹಾಗೆಯೇ ಮೂರನೆಯವ. ಕ್ರಮ ಅನುಮಾನ ಹುಟ್ಟಿಸಿದರೆ ಸಂಘಟಕರು ಪ್ರಶ್ನಿಸುತ್ತಾರೆ. ಆದರೆ ಕಣಕ್ಕಿಳಿಯುವ ಸರದಿ ಬೇರೆ ಸಂಗತಿ. ಒಂದನೆಯವನೇ ಮೊದಲು ಆಡಬೇಕೆಂದಿಲ್ಲ, ಸರದಿ ಬದಲಾಗುತ್ತಿರುತ್ತದೆ. ಕೋಚ್‌ನ ತಲೆನೋವು ನಾಲ್ವರಲ್ಲಿ ಯಾರನ್ನು ಹೊರಗಿಡುವುದು ಎಂಬುದು. ಗುಂಪಿನಲ್ಲಿ ದಣಿದ ಒಂದನೆಯವನಿಗೆ ಒಂದು ದಿನ ಬಿಡುವು ಕೊಟ್ಟರೆ ಉಳಿದವರೆಲ್ಲ ಒಂದೊಂದು ಮೆಟ್ಟಿಲು ಮೇಲೆ ಏರಿ, ತಮಗಿಂತ ಬಲಶಾಲಿಗಳನ್ನು ಎದುರಿಸಬೇಕಾಗುತ್ತದೆ.

ಆಟದ ನಡುವೆ ಕಾಲು ಉಳುಕಿದರೆ ನಾಲ್ಕನೆಯವ ಇಳಿಯಬಹುದಾ?

ಇಲ್ಲ. ಆ ಪಂದ್ಯ ಎದುರಾಳಿಗೆ ಹೋಗುತ್ತದೆ. ಮುಂದಿನ ದಿನದ ಮುಖಾಮುಖಿಗೆ ನಾಲ್ಕನೆಯವನನ್ನು ಆರಿಸಬಹುದು.

ಈಜಿಪ್ಟಿನ ಹೆಸರಿನವರು ಇಂಗ್ಲೆಂಡಿಗೆ ಆಡುವುದು ಹೇಗೆ?

ಮೊಹಮ್ಮದ್ ಎಲ್‌ಶೊರ್ಬಗಿ ಮತ್ತು ತಮ್ಮ ಮರ್ವಾನ್ ಬಗ್ಗೆ ಕೇಳುತ್ತೀರಿ. ಇಬ್ಬರೂ ಅಲೆಕ್ಸಾಂಡ್ರಿಯಾದವರು, ಓದಿಗೆಂದು ಇಂಗ್ಲೆಂಡಿಗೆ ಹೋಗಿ ಅಲ್ಲೇ ಆಟ ಬೆಳೆಸಿಕೊಂಡವರು. ಅಣ್ಣ 2022ರಲ್ಲಿ, ತಮ್ಮ 2023ರಲ್ಲಿ ಇಂಗ್ಲೆಂಡಿನ ಪರ ಆಡತೊಡಗಿದರು. ಅಣ್ಣ ಅದಕ್ಕೂ ಮೊದಲೇ 2017ರ ವಿಶ್ವ ಚಾಂಪಿಯನ್. ಗಲ್ಫಿನಲ್ಲಿ ಹುಟ್ಟಿ ಬೆಳೆದ ಮಕ್ಕಳಿರುವ ನಮ್ಮೂರಿನವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಬಾರದು.

2028ರ ಒಲಿಂಪಿಕ್ಸ್‌ನಲ್ಲಿ ತಂಡದ ಸ್ಪರ್ಧೆ ಉಂಟಾ?

ಇಲ್ಲ. 2023ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ಸೇರಿದ್ದ ಒಲಿಂಪಿಕ್ ಸಮಿತಿ ಲಾಸ್ ಏಂಜಲೀಸ್‌ಗೆ ಸ್ಕ್ವಾಷ್ ಸೇರಿಸಿತು, ಪುರುಷರ ಮತ್ತು ಮಹಿಳೆಯರ ಸಿಂಗಲ್ಸ್ ಮಾತ್ರ. ಅದರಿಂದ ದೇಶಗಳು ಹಣವನ್ನೆಲ್ಲ ಮೇಲಿನ ಒಬ್ಬಿಬ್ಬರ ಮೇಲೆ ಸುರಿಯುವ ಅಪಾಯ ಇದೆ ಎಂದು ನನ್ನ ಆತಂಕ. ಒಲಿಂಪಿಕ್ಸ್ ಬಂದದ್ದಕ್ಕೆ ಸಂತೋಷವಿದೆ, ಆದರೆ ಮೂರನೆಯವನನ್ನು ಬೆಳೆಸುವ ಕೆಲಸ ನಿಲ್ಲಬಾರದು.

## ನಮ್ಮೂರಿನ ಲೆಕ್ಕ

ಒಂದು ಕೋರ್ಟ್ ಕಟ್ಟಲು ಎಷ್ಟು ಸೆಂಟ್ ಜಾಗ ಬೇಕು?

ಆಡುವ ಜಾಗ ಸುಮಾರು 62 ಚದರ ಮೀಟರ್, ಅಂದರೆ ಒಂದೂವರೆ ಸೆಂಟಿಗೆ ಸ್ವಲ್ಪ ಹೆಚ್ಚು. ಶಟ್ಲ್ ಡಬಲ್ಸ್ ಕೋರ್ಟಿಗಿಂತ ಸಣ್ಣದು. ಗೋಡೆ, ನೋಡುವವರ ಜಾಗ ಸೇರಿಸಿದರೆ ಎರಡೂವರೆ ಸೆಂಟಿನಲ್ಲಿ ಮುಗಿಸಬಹುದು. ಒಳಗೆ ಅಡೆತಡೆಯಿಲ್ಲದ ಎತ್ತರ ಕನಿಷ್ಠ 5.64 ಮೀಟರ್ ಬೇಕು, ಸಾಮಾನ್ಯ ಹಾಲ್‌ಗಳು ಸೋಲುವುದು ಇಲ್ಲೇ.

ಕೆಂಪುಕಲ್ಲಿನ ಗೋಡೆ ಎಬ್ಬಿಸುವುದು ನಮಗೆ ಸುಲಭ. ಆದರೆ ಒಳಮೈ ಗಟ್ಟಿ, ನುಣುಪು, ಎಲ್ಲೂ ಉಬ್ಬುತಗ್ಗಿಲ್ಲದಂತೆ ಇರಬೇಕು, ಮಾಮೂಲಿ ಸಾರಣೆ ಚೆಂಡಿನ ಪೆಟ್ಟಿಗೆ ಉದುರುತ್ತದೆ. ನೆಲಕ್ಕೆ ಮರದ ಹಲಗೆ, ಅದಕ್ಕೆ ವಾರ್ನಿಶ್ ಹಾಕಬಾರದು, ಬೆವರು ಬಿದ್ದರೆ ಜಾರುತ್ತದೆ. ನಮ್ಮಲ್ಲಿ ದೊಡ್ಡ ಶತ್ರು ಜೂನ್, ಜುಲೈ ತಿಂಗಳ ತೇವ. ಗೋಡೆ ಬೆವರಿದರೆ ಚೆಂಡು ಪುಟಿಯದೆ ಜಾರಿ ಹೋಗುತ್ತದೆ. ಗಾಳಿಯಾಡುವ ವ್ಯವಸ್ಥೆಗೆ ದುಡ್ಡು ಎತ್ತಿಡದೆ ಕಟ್ಟಬೇಡಿ.

ಮಗ ಕನ್ನಡ ಮಾಧ್ಯಮದಲ್ಲಿ ಓದುವುದು. ಆಡುವುದಾದರೆ ಕರ್ನಾಟಕಕ್ಕಾ, ಕೇರಳಕ್ಕಾ?

ಶಾಲೆ ಯಾವ ಭಾಷೆಯದೇ ಇರಲಿ, ಕಾಸರಗೋಡು ಜಿಲ್ಲೆಯದಾದರೆ ಶಾಲಾ ಕ್ರೀಡಾಕೂಟದಲ್ಲಿ ಅವನು ಕೇರಳದ ಹುಡುಗ. ಮಂಗಳೂರಿನ ಶಾಲೆಗೆ ಸೇರಿದರೆ ಕರ್ನಾಟಕದ ಲೆಕ್ಕ. 2015ರ ರಾಷ್ಟ್ರೀಯ ಕ್ರೀಡಾಕೂಟದ ಸ್ಕ್ವಾಷ್ ತಿರುವನಂತಪುರದಲ್ಲೇ ನಡೆದಿತ್ತು, ಆದರೆ ಇಲ್ಲಿಂದ ಅದು ರಾಜ್ಯದ ಆ ತುದಿ. ಶಟ್ಲ್ ಚೆನ್ನಾಗಿ ಆಡುವ ಹುಡುಗನಾದರೆ ಮಣಿಕಟ್ಟೂ ಕಾಲಿನ ಚುರುಕೂ ಆಗಲೇ ಇರುತ್ತದೆ, ತಡವಾಯಿತೆಂದು ಹೆದರಬೇಡಿ. ಕಣ್ಣಿಗೆ ರಕ್ಷಣೆಯ ಕನ್ನಡಕ ಮಾತ್ರ ಮೊದಲ ದಿನದಿಂದಲೇ ಇರಲಿ. ಈ ಚೆಂಡು ಕಣ್ಣಿನ ಗುಳಿಯೊಳಗೆ ಹೊಕ್ಕುವಷ್ಟು ಸಣ್ಣದು, ಅಂತಾರಾಷ್ಟ್ರೀಯ ಜೂನಿಯರ್ ಪಂದ್ಯಗಳಲ್ಲೂ ಅದು ಕಡ್ಡಾಯ.

ಮೊಬೈಲ್‌ನಲ್ಲಿ ನೋಡಿದರೆ ಬಾಲೇ ಕಾಣುವುದಿಲ್ಲ. ನೋಡುವುದು ಹೇಗೆ?

ಚೆಂಡನ್ನು ಹುಡುಕಬೇಡಿ, ಕೋರ್ಟಿನ ನಡುವೆ ಕೆಂಪು ಗೆರೆಗಳು ಕೂಡುವ 'ಟಿ' ಎಂಬ ಜಾಗವನ್ನು ನೋಡಿ. ಪ್ರತಿ ಹೊಡೆತದ ನಂತರ ಯಾರು ಅಲ್ಲಿಗೆ ಮೊದಲು ಮರಳುತ್ತಾರೆ, ಯಾರು ಮೂಲೆಯಿಂದ ಮೂಲೆಗೆ ಓಡುತ್ತಿದ್ದಾರೆ ಎಂಬುದರಲ್ಲೇ ಆಟ ಯಾರ ಕೈಯಲ್ಲಿದೆ ಎಂದು ಗೊತ್ತಾಗುತ್ತದೆ. ತಂಡದ ಪಂದ್ಯವಾದರೆ ಗೇಮ್‌ಗಳ ನಡುವಿನ ವಿರಾಮದಲ್ಲಿ ಪರದೆ ಬಿಡಬೇಡಿ. ಬೆವರು ಒರೆಸಿಕೊಳ್ಳುತ್ತಿರುವವನ ಕಿವಿಯ ಹತ್ತಿರ ಕೋಚ್ ಬಗ್ಗಿರುತ್ತಾರೆ, ಆಗಷ್ಟೇ ಆಡಿ ಮುಗಿಸಿದ ಜೊತೆಗಾರ ನೀರಿನ ಬಾಟ್ಲಿ ಹಿಡಿದು ಎದುರಾಳಿಯ ಯಾವ ಮೂಲೆ ದುರ್ಬಲ ಎಂದು ಹೇಳುತ್ತಿರುತ್ತಾನೆ. ಚೆನ್ನೈಯಲ್ಲಿ ಮತ್ತೆ ಟೂರ್ನಮೆಂಟ್ ಬಂದರೆ ಕಾಸರಗೋಡಿನಲ್ಲಿ ಮಂಗಳೂರು-ಚೆನ್ನೈ ಮೇಲ್ ಹತ್ತಿ, ಒಂದೇ ರಾತ್ರಿಯ ಪ್ರಯಾಣ. ಹಿಂದಿನ ಗಾಜಿನ ಗೋಡೆಯ ಹತ್ತಿರ ಸೀಟು ಕೇಳಿ.